ನಿಮ್ಮ ಕಾಡಲ್ಲಿ ಇದನ್ನ ಯಾರು ಕೀಳ್ತಾರೆ?

ಪಕ್ಕದ ಮನೆಯ ಹುಡುಗಿ ಕಳೆದ ಭಾನುವಾರ ಕೇಳಿದ ಪ್ರಶ್ನೆ ಇದು. ಇನ್ನೂ ತಲೆಯಿಂದ ಹೋಗಿಲ್ಲ.

ಬ್ರಿಸ್ಬೇನ್‌ನಲ್ಲಿ ನಮ್ಮ ಬೀದಿಯ ಹಿಂದಿನ ತೊರೆ ದಂಡೆಯಲ್ಲಿ ಎಲ್ಲರೂ ಸೇರಿ ಲಂಟಾನ ಕಡಿಯುತ್ತಿದ್ದೆವು. ನಮ್ಮೂರ ಬೇಲಿಯಲ್ಲಿ ಇರುತ್ತಲ್ಲ, ಅದೇ ಗಿಡ. ಮೂಲ ಅಮೆರಿಕ ಖಂಡದ್ದು. ಹೂವು ಚೆಂದ ಅಂತ 19ನೇ ಶತಮಾನದಲ್ಲಿ ಬ್ರಿಟಿಷರು ಭಾರತಕ್ಕೂ ತಂದರು, ಇಲ್ಲಿಗೂ ತಂದರು. ಇಲ್ಲಿ 1914ರಿಂದ 30ಕ್ಕೂ ಹೆಚ್ಚು ಬಗೆಯ ಕೀಟಗಳನ್ನು ಅದರ ಮೇಲೆ ಬಿಟ್ಟು ನೋಡಿದ್ದಾರೆ. ಗಿಡ ಜಗ್ಗಿಲ್ಲ.

ಹಾಗಾಗಿ ಕೈಯಿಂದಲೇ ಕೆಲಸ. ಕಾಂಡ ಕತ್ತರಿಸಿದ ತಕ್ಷಣ, ಗಾಯ ಆರುವ ಮುಂಚೆಯೇ, ಬುಡಕ್ಕೆ ಬ್ರಷ್‌ನಿಂದ ಕಳೆನಾಶಕ ಹಚ್ಚಬೇಕು. ತಡವಾದರೆ ಮತ್ತೆ ಚಿಗುರುತ್ತೆ. ಗುಂಪಿನ ಹಿರಿಯಾಕೆಯೊಬ್ಬರು ಒಂದು ಪೊದೆಯನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಒಳಗೆ ಬಾಲ ನೆಟ್ಟಗೆ ಎತ್ತಿಕೊಂಡು ಪುಟ್ಟ ರೆನ್ ಹಕ್ಕಿಗಳು ಕುಪ್ಪಳಿಸುತ್ತಿದ್ದವು. ಪಕ್ಕದಲ್ಲಿ ನೆಟ್ಟ ಇಲ್ಲಿನದೇ ಗಿಡಗಳು ದಟ್ಟವಾಗುವ ತನಕ ಅದು ಇರಲಿ ಅಂದರು. ಕಳೆ ಕಿತ್ತು ಕಾಡು ಉಳಿಸಲು ಸಿಡ್ನಿಯ ಬ್ರಾಡ್ಲಿ ಅಕ್ಕ-ತಂಗಿಯರು ಹಾಕಿಕೊಟ್ಟ ದಾರಿಯೂ ಹೀಗೇ. ಕಾಡು ಚೆನ್ನಾಗಿರುವ ಕಡೆಯಿಂದ ಶುರು ಮಾಡಬೇಕು, ಮಣ್ಣನ್ನು ಜಾಸ್ತಿ ಕೆದಕಬಾರದು, ಕಾಡು ಚೇತರಿಸಿಕೊಂಡಷ್ಟೇ ಮುಂದೆ ಹೋಗಬೇಕು.

ಆಗಲೇ ಹುಡುಗಿ ಕೇಳಿದ್ದು. ನಮ್ಮಲ್ಲಿ ಹುಲಿ ಇದೆ ಅಂತ ಅವಳಿಗೆ ಗೊತ್ತು. ಕಾಡಿನ ಪಕ್ಕ ಇರುವವರೇ ಕಾಡನ್ನು ನೋಡಿಕೊಳ್ತಾರೆ ಅಂತ ಅವಳ ಲೆಕ್ಕ. "ಅರಣ್ಯ ಇಲಾಖೆಯವರು" ಅಂದೆ. ಸುಳ್ಳಲ್ಲ. ಆದರೂ ಕಸಿವಿಸಿಯಾಯಿತು.

ಚಿಕ್ಕವರಿದ್ದಾಗ ಗುಂಡ್ಲುಪೇಟೆ ದಾಟಿ ಊಟಿಗೆ ಹೋಗುವಾಗ ಬಂಡೀಪುರದಲ್ಲಿ ರಸ್ತೆಯುದ್ದಕ್ಕೂ ಇದೇ ಗಿಡ. "ಎಷ್ಟು ಹಸಿರು ನೋಡು!" ಅಂತ ಬಸ್ಸಿನಲ್ಲಿ ಎಲ್ಲರೂ ಹಿಗ್ಗುತ್ತಿದ್ದೆವು. ಆ ಹಸಿರಿನ ಕೆಳಗೆ ಹುಲ್ಲು ಬೆಳೆಯಲ್ಲ, ಜಿಂಕೆಗೆ ಮೇವಿಲ್ಲ ಅಂತ ಯಾರೂ ಹೇಳಿಕೊಡಲಿಲ್ಲ.

ಗೊತ್ತಿದ್ದವರು ಇದ್ದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಒಣಗಿದ ಎಲೆಗೆ ಸಣ್ಣ ತರಗು ಬೆಂಕಿ ಹಾಕುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತು ಅಂತ ಅವರ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಕಿವಿಗೊಟ್ಟವರು ಕಡಿಮೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಇದರ ಕಡ್ಡಿಗಳನ್ನು ಬೇಯಿಸಿ, ತೊಗಟೆ ಸುಲಿದು, ಬಗ್ಗಿಸಿ ಕುರ್ಚಿ ಹೆಣೆಯುತ್ತಾರೆ. ನನಗೆ ಅದು ದೊಡ್ಡ ಹೆಮ್ಮೆ.

ವಿಷ ಹಾಕದೆ ತೆಗೆಯುವ ದಾರಿಯೂ ನಮ್ಮಲ್ಲೇ ಇದೆ. ದೆಹಲಿಯ ಪ್ರೊಫೆಸರ್ ಸಿ.ಆರ್. ಬಾಬು ಅವರ ವಿಧಾನ: ಮಣ್ಣಿನಿಂದ ಸ್ವಲ್ಪ ಕೆಳಗೆ ಮುಖ್ಯ ಬೇರನ್ನೇ ಕತ್ತರಿಸಿ, ಗಿಡವನ್ನು ಬುಡಮೇಲಾಗಿ ಒಣಗಲು ಬಿಡುವುದು. ಆದರೆ ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸುತ್ತಲೇ ಇರುತ್ತವೆ. ಒಂದು ವರ್ಷ ಕಿತ್ತು ಕೈತೊಳೆದುಕೊಂಡರೆ ಮುಂದಿನ ಮಳೆಗೆ ಮತ್ತೆ ಅಷ್ಟೇ ಸಸಿ ಏಳುತ್ತವೆ. ಮತ್ತೆ ಮತ್ತೆ ಬಂದು ನೋಡುವವರು ಬೇಕು. ಬಿಳಿಗಿರಿಯ ಸೋಲಿಗರಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕು, ಅಂದರೆ ತಮ್ಮ ಕಾಡನ್ನು ಬಳಸುವ, ಕಾಯುವ ಹಕ್ಕು, ಸಿಕ್ಕಿದೆ. ಈ ಕೆಲಸವನ್ನು ಒಳ್ಳೆ ಕೂಲಿ ಕೊಟ್ಟು, ವರ್ಷ ವರ್ಷವೂ, ಅವರ ಮಾತಿನಂತೆಯೇ ನಡೆಸಿದರೆ ಆಗಲ್ವಾ?