ಓದಿದ ಹುಡುಗರು ಚೈನ್ ಲಿಂಕ್‌ಗೆ ಹೇಗೆ ಬೀಳ್ತಾರೆ ಸರ್?

ನಾನು ತಾಲ್ಲೂಕು ಊರೊಂದರ ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ದುಡ್ಡು ಕಟ್ಟಿ ಸೇರು, ಇನ್ನಷ್ಟು ಜನರನ್ನು ಸೇರಿಸಿ ಕಮಿಷನ್ ಗಳಿಸು ಅನ್ನುವ ಚೈನ್ ಲಿಂಕ್ ಕಂಪನಿಗಳಲ್ಲಿ ದುಡ್ಡು ಕಳೆದುಕೊಂಡ ಹಳೆ ವಿದ್ಯಾರ್ಥಿಗಳು, ಅವರ ಮನೆಯವರು ಆಗಾಗ ನನ್ನ ಹತ್ತಿರ ಬರುತ್ತಾರೆ. ಹುಡುಗರಿಗೆ ಒಬ್ಬೊಬ್ಬರದು ಒಂದೊಂದು ಚಿಂತೆ. ಮನೆಯವರು ಕೇಳುವುದು ಮಾತ್ರ ಹೆಚ್ಚು ಕಡಿಮೆ ಒಂದೇ ಪ್ರಶ್ನೆ. "ಬಿ.ಕಾಂ. ಓದಿದ್ದಾನೆ, ಲೆಕ್ಕ ಬರುತ್ತೆ, ದಡ್ಡ ಏನಲ್ಲ. ಆದರೂ ಇಂಥದ್ದಕ್ಕೆ ಹೇಗೆ ಬಿದ್ದ ಸರ್?"

ಹೀಗೆ ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಇರುತ್ತದೆ. ದುರಾಸೆ. ಕಷ್ಟಪಡದೆ ಲಕ್ಷಗಟ್ಟಲೆ ಗಳಿಸಬೇಕು ಅನ್ನುವ ಹುಚ್ಚು. ನಾನು ಇದನ್ನು ಒಪ್ಪುವುದಿಲ್ಲ. ನನ್ನ ಮುಂದೆ ಕೂತು ಅತ್ತ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಹೊರಟಿದ್ದು ತಿಂಗಳಿಗೆ ಹದಿನೈದು ಸಾವಿರದ ಕೆಲಸ ಹುಡುಕಿಕೊಂಡು. ಅವರನ್ನು ಕರೆದವರು ಅಪರಿಚಿತರೂ ಅಲ್ಲ. ಒಂದೇ ಬೆಂಚಿನಲ್ಲಿ ಕೂತವನು, ಹಾಸ್ಟೆಲ್‌ನ ರೂಮ್‌ಮೇಟ್, ದೊಡ್ಡಪ್ಪನ ಮಗ. ಅವರು ನಂಬಿದ್ದು ಸ್ಕೀಮನ್ನಲ್ಲ, ಆ ಮನುಷ್ಯನನ್ನು.

ಫೋನ್ ಹೇಗೆ ಬರುತ್ತದೆ ಅಂದರೆ ಹೀಗೆ. ಡಿಗ್ರಿ ಮುಗಿದು ಆರೇಳು ತಿಂಗಳು ಆಗಿರುತ್ತದೆ. ಮನೆಯಲ್ಲಿ ದಿನಾ ಒಂದಲ್ಲ ಒಂದು ಮಾತು. ಆಗ ಹಳೆ ಗೆಳೆಯ ಫೋನ್ ಮಾಡಿ, "ಏನ್ ಮಗಾ, ಏನ್ ಮಾಡ್ತಿದೀಯ? ನಮ್ ಆಫೀಸಲ್ಲಿ ಒಂದು ಓಪನಿಂಗ್ ಇದೆ, ಬೆಂಗಳೂರಿಗೆ ಬಾ" ಅನ್ನುತ್ತಾನೆ. ಯಾವ ಕಂಪನಿ, ಏನು ಕೆಲಸ ಅಂತ ಕೇಳಿದರೆ ಹೇಳುವುದಿಲ್ಲ. "ಫೋನಲ್ಲಿ ಬೇಡ, ಬಂದ್ಮೇಲೆ ಸರ್ ಎಲ್ಲಾ ಎಕ್ಸ್‌ಪ್ಲೇನ್ ಮಾಡ್ತಾರೆ." ಅವನು ಸುಮ್ನೆ ಮುಚ್ಚಿಡುತ್ತಿಲ್ಲ. ಫೋನಿನಲ್ಲಿ ಕಂಪನಿ ಹೆಸರು ಹೇಳಬಾರದು ಅಂತ ಅವನಿಗೆ ಮೇಲಿನವರು ಕಲಿಸಿರುತ್ತಾರೆ. ಹೆಸರು ಗೊತ್ತಾದರೆ ಬಸ್ ಹತ್ತುವ ಮೊದಲೇ ಮೊಬೈಲ್‌ನಲ್ಲಿ ಹುಡುಕಿ ನೋಡಿಬಿಡುತ್ತಾರೆ, ಅಲ್ವಾ?

ಹೋದ ಮೇಲೆ ನಡೆಯುವುದು ಬೇರೆ. ಬಾಡಿಗೆ ಹಾಲ್, ಸೂಟು ಹಾಕಿದ ಯುವಕರು, ಜೋರು ಚಪ್ಪಾಳೆ. ವೇದಿಕೆ ಹತ್ತುವ ಒಬ್ಬೊಬ್ಬರೂ ಬಡ ಮನೆಯಿಂದ ಬಂದ ಕಥೆ ಹೇಳುತ್ತಾರೆ. ಅಪ್ಪ ಕೂಲಿ, ಅಮ್ಮ ಬೀಡಿ ಕಟ್ಟುತ್ತಿದ್ದಳು, ಈಗ ಸ್ವಂತ ಕಾರು. ಗಂಟೆಗಟ್ಟಲೆ ಇದನ್ನು ಕೇಳಿಸಿ, ದಣಿದ ಹೊತ್ತಿಗೆ ಪಕ್ಕಕ್ಕೆ ಕರೆದು, "ಸೀಟು ಕಮ್ಮಿ ಇದೆ, ಇವತ್ತೇ ಟೋಕನ್ ಹಾಕು" ಅನ್ನುತ್ತಾರೆ. ಪೂರ್ತಿ ಹಣಕ್ಕೆ ಒಂದೆರಡು ವಾರ ಗಡುವು. ಕೆಲಸ ಅಂತ ಬಂದವನಿಗೆ ಅದು ಕೆಲಸವಲ್ಲ, ಬಿಸಿನೆಸ್ ಅಂತ ಗೊತ್ತಾಗುವುದೇ ಆಗ. ಅಷ್ಟರಲ್ಲಿ ಊರಿನಲ್ಲಿ ಎಲ್ಲರಿಗೂ ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ ಅಂತ ಅಮ್ಮ ಹೇಳಿಯಾಗಿರುತ್ತದೆ.

ಮನೆಯವರಿಗೆ ಏನು ಹೇಳಿ ದುಡ್ಡು ತರಿಸಬೇಕು ಅನ್ನುವುದನ್ನೂ ಕಂಪನಿಯವರೇ ಹೇಳಿಕೊಡುತ್ತಾರೆ. ಲ್ಯಾಪ್‌ಟಾಪ್ ಕೊಳ್ಳಬೇಕು, ಟ್ರೈನಿಂಗ್ ಫೀಸು, ಕಂಪನಿಗೆ ಡೆಪಾಸಿಟ್. ಅಮ್ಮನ ಸರ ಅಡವು ಬೀಳುತ್ತದೆ. ಅದೂ ಸಾಲದಿದ್ದರೆ ಲೋನ್ ಆ್ಯಪ್. ಮಗ ಮೊದಲ ಸಲ ಮನೆಯಲ್ಲಿ ದೊಡ್ಡ ಸುಳ್ಳು ಹೇಳಿರುತ್ತಾನೆ. ನನಗೆ ಇಡೀ ವ್ಯವಹಾರದಲ್ಲಿ ಅತಿ ಕ್ರೂರ ಅನ್ನಿಸುವುದು ಇದು. ಆ ಸುಳ್ಳಿನಿಂದಾಗಿ ಮುಂದೆ ತೊಂದರೆಯಾದಾಗ ಅವನು ಮನೆಗೆ ಹೋಗಿ ಹೇಳಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ.

ಕಟ್ಟಿದ ಹಣಕ್ಕೆ ಏನಾದರೂ ಒಂದು ವಸ್ತು ಕೊಡುತ್ತಾರೆ. ಕೈಗಡಿಯಾರ, ಆರೋಗ್ಯಕ್ಕೆ ಒಳ್ಳೆಯದು ಅನ್ನುವ ಪೆಂಡೆಂಟ್, ಹಾಲಿಡೇ ಪ್ಯಾಕೇಜ್, ಆನ್‌ಲೈನ್ ಕೋರ್ಸ್. ಇದು ಇರುವುದು ಕಾನೂನಿಗೆ ತೋರಿಸಲು. ವಸ್ತು ಅಸಲಿಯಾ ಅಂತ ನೋಡಲು ಒಂದೇ ಪ್ರಶ್ನೆ ಸಾಕು. ಈ ಜಾಲಕ್ಕೆ ಸೇರುವ ಉದ್ದೇಶವೇ ಇಲ್ಲದ ಒಬ್ಬ ಮನುಷ್ಯ, ಬೀದಿಯಲ್ಲಿ ಹೋಗುವವನು, ಇದೇ ಬೆಲೆಗೆ ಇದನ್ನು ಕೊಳ್ಳುತ್ತಾನಾ? ಕೊಳ್ಳುವುದಿಲ್ಲ ಅಂದರೆ ಅಲ್ಲಿ ಮಾರಾಟವೇ ಇಲ್ಲ. ಹೊಸಬರು ಕಟ್ಟಿದ ಹಣವನ್ನು ಹಳಬರು ಹಂಚಿಕೊಳ್ಳುತ್ತಿದ್ದಾರೆ, ಅಷ್ಟೆ.

ಇಬಿಜ್ ಪ್ರಕರಣ ಕೆಲವರಿಗೆ ನೆನಪಿರಬಹುದು. ನೋಯ್ಡಾದ ಆ ಕಂಪನಿಯ ಎಂಡಿಯನ್ನೂ ಅವರ ಮಗನನ್ನೂ 2019ರ ಮಾರ್ಚ್‌ನಲ್ಲಿ ಹೈದರಾಬಾದ್ ಬಳಿಯ ಸೈಬರಾಬಾದ್ ಪೊಲೀಸರು ಬಂಧಿಸಿದರು. ಆಗ ಅಲ್ಲಿ ಕಮಿಷನರ್ ಆಗಿದ್ದವರು ನಮ್ಮ ಹುಬ್ಬಳ್ಳಿಯ ವಿ.ಸಿ. ಸಜ್ಜನರ್. ಕಂಪನಿಯವರು ಆನ್‌ಲೈನ್ ಕೋರ್ಸ್ ಹೆಸರಿನಲ್ಲಿ ಒಬ್ಬೊಬ್ಬರಿಂದ 16,821 ರೂಪಾಯಿ ಕಟ್ಟಿಸಿಕೊಳ್ಳುತ್ತಿದ್ದರು. ಕಮಿಷನ್ ಬೇಕೆಂದರೆ ಕಟ್ಟಿದವರು ಇನ್ನಷ್ಟು ಜನರನ್ನು ಸೇರಿಸಬೇಕಿತ್ತು. ಸೇರಿದವರಲ್ಲಿ ಕಾಲೇಜು ವಿದ್ಯಾರ್ಥಿಗಳೇ ಜಾಸ್ತಿ. ದೇಶದಾದ್ಯಂತ ಸುಮಾರು 17 ಲಕ್ಷ ಜನರಿಂದ 5,000 ಕೋಟಿ ರೂಪಾಯಿ ಸಂಗ್ರಹಿಸಲಾಗಿದೆ ಎಂದು ಪೊಲೀಸರು ಆಗ ಹೇಳಿದರು. ಹದಿನೇಳು ಲಕ್ಷ ಜನರೂ ದುರಾಸೆಯವರು ಅಂತ ಹೇಳಿ ಕೈತೊಳೆದುಕೊಳ್ಳಲು ನನ್ನಿಂದಾಗದು.

ಇನ್ನೊಂದು ಘಟನೆ ನನ್ನನ್ನು ಬಿಟ್ಟುಹೋಗುವುದೇ ಇಲ್ಲ. 2023ರ ಮಾರ್ಚ್ 16ರಂದು ಸಿಕಂದರಾಬಾದಿನ ಸ್ವಪ್ನಲೋಕ್ ಕಾಂಪ್ಲೆಕ್ಸ್‌ಗೆ ಬೆಂಕಿ ಬಿತ್ತು. 6 ಮಂದಿ ಹೊಗೆಯಲ್ಲಿ ಉಸಿರುಕಟ್ಟಿ ಸತ್ತರು. ನಾಲ್ವರು ಹುಡುಗಿಯರು, ಇಬ್ಬರು ಹುಡುಗರು. ಎಲ್ಲರೂ ಇಪ್ಪತ್ತರ ಆಸುಪಾಸಿನವರು, ವರಂಗಲ್, ಮಹಬೂಬಾಬಾದ್, ಖಮ್ಮಂ ಜಿಲ್ಲೆಗಳಿಂದ ಬಂದವರು. ಅದೊಂದು ಕಾಲ್ ಸೆಂಟರ್, ಪಾಪ ದುಡಿಯುವ ಮಕ್ಕಳು ಅಂತ ಮೊದಲ ಸುದ್ದಿ ಬಂತು. ತನಿಖೆ ಶುರುವಾದ ಮೇಲೆ ಪೊಲೀಸರು ಹೇಳಿದ್ದೇ ಬೇರೆ. ಸದಸ್ಯರ ಮೂಲಕ ವಸ್ತು ಮಾರುವ ಕ್ಯೂನೆಟ್ ಕಂಪನಿಯ ಜಾಲಕ್ಕೆ ಸೇರಿದ ಕಚೇರಿ ಅದು, ಆ ಮಕ್ಕಳು ಲಕ್ಷಕ್ಕೂ ಹೆಚ್ಚು ಹಣ ಕಟ್ಟಿ ಸೇರಿದ್ದರು ಎಂದರು. ಕಂಪನಿ ತನ್ನ ಮೇಲಿನ ವಂಚನೆಯ ಆರೋಪಗಳನ್ನು ನಿರಾಕರಿಸುತ್ತಲೇ ಬಂದಿದೆ. ಅದು ನ್ಯಾಯಾಲಯದ ವಿಷಯ. ನನಗೆ ಕಾಡುವುದು ಹಳ್ಳಿಯಲ್ಲಿದ್ದ ಅಪ್ಪ ಅಮ್ಮಂದಿರು. ಸಾಲ ಮಾಡಿ ದುಡ್ಡು ಕೊಟ್ಟರೆ ಮಕ್ಕಳಿಗೆ ನಗರದಲ್ಲಿ ಒಂದು ನೆಲೆ ಸಿಗುತ್ತದೆ ಎಂದು ನಂಬಿದ್ದವರು ಅವರು. ದುಡಿಯಲು ಹೋದವರು ತಾವೇ ದುಡ್ಡು ಕಟ್ಟಬೇಕಾಗಿ ಬಂದದ್ದು ಅವರ ಯಾವ ದುರಾಸೆಗೆ?

ಲೆಕ್ಕದ ವಿಷಯಕ್ಕೆ ಬರೋಣ. ಮನೆಯವರು ಅದನ್ನೇ ತಾನೆ ಎತ್ತುವುದು. ಒಬ್ಬ ಆರು ಜನರನ್ನು ಸೇರಿಸಿ, ಆ ಆರು ಜನ ತಲಾ ಆರು ಜನರನ್ನು ಸೇರಿಸುತ್ತಾ ಹೋದರೆ, ಹತ್ತನೇ ಹಂತಕ್ಕೆ ಬೇಕಾಗುವವರು 6 ಕೋಟಿ 4 ಲಕ್ಷ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ, ಹಾಲು ಕುಡಿಯುವ ಕೂಸುಗಳೂ ಸೇರಿ. ಹದಿಮೂರನೇ ಹಂತಕ್ಕೆ ಭೂಮಿಯ ಮೇಲಿರುವ ಎಲ್ಲ ಮನುಷ್ಯರೂ ಸಾಕಾಗುವುದಿಲ್ಲ. "ಆರು ಬೇಡ ಸರ್, ಎಡಕ್ಕೊಬ್ಬ ಬಲಕ್ಕೊಬ್ಬ, ಇಬ್ಬರೇ ಸಾಕು" ಅನ್ನುತ್ತಾರೆ. ಇಬ್ಬರಾದರೆ ಇಪ್ಪತ್ತಾರನೇ ಹಂತದಲ್ಲಿ ಕರ್ನಾಟಕ ಮುಗಿಯುತ್ತದೆ.

ನಿಜವಾದ ಜಾಲ ಅಷ್ಟು ದೂರ ಹೋಗುವುದೇ ಇಲ್ಲ, ಎಲ್ಲೋ ಮಧ್ಯದಲ್ಲಿ ನಿಲ್ಲುತ್ತದೆ. ಎಲ್ಲಿ ನಿಂತರೂ ಒಂದು ಮಾತು ಬದಲಾಗದು. ಇಬ್ಬರಿಬ್ಬರ ಜಾಲದಲ್ಲಿ ಸೇರಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಕೊನೆಯ ಸಾಲಿನಲ್ಲಿರುತ್ತಾರೆ. ಕೊನೆಯ ಎರಡು ಸಾಲು ಸೇರಿಸಿದರೆ ಮುಕ್ಕಾಲು ಪಾಲು. ಕೊನೆಯ ಸಾಲಿನವರ ಕೆಳಗೆ ಯಾರೂ ಇಲ್ಲ, ಅವರಿಗೆ ಏನೂ ಬರುವುದಿಲ್ಲ. ಅವರ ಮೇಲಿನ ಸಾಲಿಗೆ ಬರುವ ಒಂದಿಷ್ಟು ಕಮಿಷನ್ ಕಟ್ಟಿದ್ದನ್ನು ತುಂಬುವುದಿಲ್ಲ. ಹಾಗಾಗಿ "ಕಷ್ಟಪಟ್ಟವನು ಗೆಲ್ತಾನೆ, ಸೋಮಾರಿ ಸೋಲ್ತಾನೆ" ಎಂದು ವೇದಿಕೆಯಲ್ಲಿ ಹೇಳುವ ಮಾತು ಶುದ್ಧ ಸುಳ್ಳು. ಎಲ್ಲರೂ ಒಂದೇ ಸಮ ಕಷ್ಟಪಟ್ಟರೂ ಮುಕ್ಕಾಲು ಪಾಲು ಜನ ಸೋಲುವಂತೆಯೇ ಅದನ್ನು ಕಟ್ಟಿರುತ್ತಾರೆ.

ವಸ್ತುಗಳನ್ನು ನಿಜಕ್ಕೂ ಮಾರುವ ಕಂಪನಿಗಳ ಕಥೆಯೂ ಅಷ್ಟೇನೂ ಚೆನ್ನಾಗಿಲ್ಲ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಇಂಥ 70 ಕಂಪನಿಗಳು ತಾವೇ ಪ್ರಕಟಿಸಿದ್ದ ಆದಾಯದ ವಿವರಗಳನ್ನು ಓದಿ ಒಂದು ವರದಿ ತಂದಿತು. ಸೇರಿದವರಲ್ಲಿ ಹೆಚ್ಚಿನವರಿಗೆ ವರ್ಷಕ್ಕೆ ಸಿಕ್ಕಿದ್ದು 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ. ತಿಂಗಳಿಗೆ 84 ಡಾಲರ್ ಕೂಡ ಇಲ್ಲ. ಅದೂ ಖರ್ಚು ಕಳೆಯುವ ಮೊದಲು. ಕನಿಷ್ಠ 17 ಕಂಪನಿಗಳಲ್ಲಿ ಹೆಚ್ಚಿನವರಿಗೆ ಒಂದು ಪೈಸೆಯೂ ಸಿಕ್ಕಿರಲಿಲ್ಲ. ಅಮೆರಿಕದಲ್ಲೇ ಹೀಗಾದರೆ ನಮ್ಮ ಊರಿನಲ್ಲಿ ಇದನ್ನೇ ನಂಬಿ ಬಿ.ಎಡ್. ಸೀಟು ಬಿಟ್ಟವರ ಗತಿ ಏನು?

ಈ ಲೆಕ್ಕ ನನ್ನ ವಿದ್ಯಾರ್ಥಿಗಳಿಗೆ ಬರುವುದಿಲ್ಲ ಅಂತಲ್ಲ. ಬೋರ್ಡಿನ ಮೇಲೆ ಹಾಕಿದರೆ ಎರಡು ನಿಮಿಷದಲ್ಲಿ ಬಿಡಿಸುತ್ತಾರೆ. ಆದರೆ ಆ ಹಾಲ್‌ನಲ್ಲಿ ಅವರ ಮುಂದೆ ಇರುವುದು ಲೆಕ್ಕವಲ್ಲ, ಗೆಳೆಯನ ಮುಖ. "ನಾನು ನಿಂಗೆ ಮೋಸ ಮಾಡ್ತೀನಾ?" ಅಂತ ಅವನು ಕೇಳುತ್ತಾನೆ. ಅವನೂ ಸುಳ್ಳು ಹೇಳುತ್ತಿಲ್ಲ, ಎಷ್ಟೋ ಸಲ. ಅವನೂ ನಂಬಿರುತ್ತಾನೆ, ಅಥವಾ ನಂಬದೆ ಬೇರೆ ದಾರಿಯಿಲ್ಲ.

ಒಳಗೆ ಹೋದ ಮೇಲೆ ಮೊದಲ ಕೆಲಸ, ಗೊತ್ತಿರುವ ನೂರು ಜನರ ಹೆಸರು ಬರೆಯುವುದು. ಮಾವ, ಚಿಕ್ಕಮ್ಮ, ಟ್ಯೂಷನ್ ಮೇಷ್ಟ್ರು, ಕ್ರಿಕೆಟ್ ಟೀಮ್. ಆ ಹುಡುಗ ಇಪ್ಪತ್ತೆರಡು ವರ್ಷ ಸಂಪಾದಿಸಿದ ಪ್ರೀತಿ ವಿಶ್ವಾಸವೆಲ್ಲ ಒಂದು ಹಾಳೆಯ ಮೇಲೆ ಬರುತ್ತದೆ. ಕಂಪನಿಗೆ ಬೇಕಾದ ಬಂಡವಾಳ ಅದು. ಪ್ರಶ್ನೆ ಕೇಳುವ ಅಣ್ಣನನ್ನು, ಬೇಡ ಅನ್ನುವ ಗೆಳತಿಯನ್ನು "ನೆಗೆಟಿವ್ ಜನ, ಅವರ ಜೊತೆ ಮಾತಾಡಬೇಡ" ಅಂತ ದೂರ ಮಾಡಿಸುತ್ತಾರೆ. ಕೆಲವು ತಿಂಗಳಲ್ಲಿ ದುಡ್ಡೂ ಇಲ್ಲ, ಜನವೂ ಇಲ್ಲ. ಹೊರಗೆ ಬಂದ ಮೇಲೂ ಮದುವೆ ಮನೆಗೆ ಹೋಗಲು ಮುಖವಿಲ್ಲ ಅಂತ ಹೇಳಿದ ಹುಡುಗಿ ನನಗೆ ಗೊತ್ತು. ಅವಳ ಮಾತು ಕೇಳಿ ಸೇರಿದ ಸೋದರತ್ತೆ ಅಲ್ಲಿ ಇರುತ್ತಾರಲ್ಲ.

ಆದ್ದರಿಂದ ಅಪ್ಪ ಅಮ್ಮಂದಿರಲ್ಲಿ ನನ್ನ ಕೋರಿಕೆ ಇಷ್ಟೇ. ಮಗ ಅಥವಾ ಮಗಳು ಬಂದು ಹೇಳಿಕೊಂಡ ದಿನ ಬೈಯಬೇಡಿ. "ನಿಂಗೆ ಅಷ್ಟೂ ಬುದ್ಧಿ ಇಲ್ವಾ" ಅನ್ನುವ ಮಾತು ಬರುತ್ತದೆ ಅಂತ ಹೆದರಿಯೇ ಅವರು ಕಟ್ಟಿದ ಹಣ ಹೇಗಾದರೂ ವಾಪಸ್ ತೆಗೆಯಬೇಕೆಂದು ಇನ್ನಿಬ್ಬರನ್ನು ಸೇರಿಸಲು ಹೊರಡುತ್ತಾರೆ. ಅಲ್ಲಿಂದ ಕಷ್ಟ ಎರಡರಷ್ಟಾಗುತ್ತದೆ. ಹಣ ಚಲಾವಣೆ ಸ್ಕೀಮ್‌ಗಳನ್ನು, ಅಂದರೆ ಜನರನ್ನು ಸೇರಿಸಿದ್ದಕ್ಕೆ ದುಡ್ಡು ಕೊಡುತ್ತೇವೆ ಅನ್ನುವಂಥವನ್ನು, ನಿಷೇಧಿಸುವ 1978ರ ಕಾಯ್ದೆಯ ಪ್ರಕಾರ ಇಂಥ ಸ್ಕೀಮ್ ನಡೆಸುವುದು ಮಾತ್ರವಲ್ಲ, ಸದಸ್ಯನಾಗುವುದು, ಭಾಗವಹಿಸುವುದೂ ನಿಷಿದ್ಧ. 3 ವರ್ಷದವರೆಗೆ ಜೈಲು ಶಿಕ್ಷೆಯಿದೆ. ಹೊಸಬರನ್ನು ಸೇರಿಸಿದವನನ್ನು "ಕಂಪ್ಲೇಂಟ್ ಕೊಟ್ರೆ ನಿನ್ನ ಹೆಸರೂ ಬರುತ್ತೆ" ಅಂತ ಮೇಲಿನವರು ಹೆದರಿಸುವುದು ಇದನ್ನು ಹಿಡಿದುಕೊಂಡೇ. ಯಾರನ್ನೂ ಸೇರಿಸದೆ ಕೂಡಲೇ ಹೊರಬಂದರೆ ಆ ಹೆದರಿಕೆಗೆ ಅಷ್ಟು ಬಲವಿರುವುದಿಲ್ಲ. ಈಗಾಗಲೇ ಸೇರಿಸಿದ್ದರೆ ಮೊದಲು ಒಬ್ಬ ವಕೀಲರನ್ನು ಕಾಣಿ. ಆದರೆ ಸುಮ್ಮನೆ ಕೂರಬೇಡಿ.

"ಕಂಪನಿ ರಿಜಿಸ್ಟರ್ ಆಗಿದೆ, ಜಿಎಸ್‌ಟಿ ನಂಬರ್ ಇದೆ" ಅಂತ ಸರ್ಟಿಫಿಕೇಟ್ ತೋರಿಸುತ್ತಾರೆ. ಕಂಪನಿ ರಿಜಿಸ್ಟರ್ ಆದ ಮಾತ್ರಕ್ಕೆ ಅದರ ಸ್ಕೀಮ್‌ಗೆ ಸರ್ಕಾರ ಒಪ್ಪಿಗೆ ಕೊಟ್ಟಂತಲ್ಲ. ಅಂಗಡಿಯಿಲ್ಲದೆ ಸದಸ್ಯರ ಮೂಲಕ ಮಾರುವ ನೇರ ಮಾರಾಟಕ್ಕೆ ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಹೊರಡಿಸಿದ ನಿಯಮಗಳಲ್ಲಿ ಪಿರಮಿಡ್ ಸ್ಕೀಮ್, ಅಂದರೆ ಕೆಳಗೆ ಜನರನ್ನು ಸೇರಿಸುತ್ತಾ ಹೋಗುವ ಇಂಥ ಜಾಲ, ನಡೆಸಬಾರದು, ಅದಕ್ಕೆ ಜನರನ್ನು ಸೇರಿಸಬಾರದು ಅಂತ ನೇರವಾಗಿ ಬರೆದಿದೆ.

ದುಡ್ಡು ವಾಪಸ್ ಬರುತ್ತಾ ಅಂದರೆ, ಬೇಗ ಓಡಾಡಿದವರಿಗೆ ಸ್ವಲ್ಪ ಆಸೆಯಿದೆ, ತಡವಾದಷ್ಟೂ ಕಡಿಮೆ. ಮೊದಲ ವಾರದಲ್ಲೇ ಗೆಳೆಯನಿಗೂ ಕಂಪನಿಗೂ ಬರಹದಲ್ಲಿ ಹಣ ವಾಪಸ್ ಕೇಳಿ. ಫೋನಿನಲ್ಲಿ ಮಾತಾಡಿ ಬಿಡಬೇಡಿ. ವಾಟ್ಸಾಪ್ ಚಾಟ್, ಗೂಗಲ್ ಪೇ ರಸೀದಿ, ಝೂಮ್ ಮೀಟಿಂಗ್ ಲಿಂಕ್, ಸೆಮಿನಾರ್ ಫೋಟೋ ಯಾವುದನ್ನೂ ಅಳಿಸಬೇಡಿ. ಸಿಟ್ಟಿಗೆ ಗ್ರೂಪ್‌ನಿಂದ ಹೊರಬರುವ ಮೊದಲು ಚಾಟ್ ತೆಗೆದಿಟ್ಟುಕೊಳ್ಳಿ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಗ್ರಾಹಕರ ಸಹಾಯವಾಣಿ 1915 ಕನ್ನಡದಲ್ಲೂ ಮಾತಾಡುತ್ತದೆ. ಜಿಲ್ಲಾ ಕೇಂದ್ರದಲ್ಲಿ ಸೈಬರ್, ಆರ್ಥಿಕ ಅಪರಾಧಗಳನ್ನು ನೋಡುವ ಸೆನ್ (ಸಿಇಎನ್) ಪೊಲೀಸ್ ಠಾಣೆಗೆ ಹೋಗುವಾಗ ಒಬ್ಬರೇ ಹೋಗಬೇಡಿ. ಅದೇ ಜಾಲದಲ್ಲಿ ಕಳೆದುಕೊಂಡ ನಾಲ್ಕೈದು ಜನ ಸೇರಿ ಹೋದರೆ ದೂರಿಗೆ ತೂಕ ಬರುತ್ತದೆ, ಇದೊಂದು ಜಾಲ ಅಂತ ತೋರಿಸುವುದೂ ಸುಲಭವಾಗುತ್ತದೆ.

ಆ ನಾಲ್ಕೈದು ಜನರಲ್ಲಿ ನಿಮ್ಮ ಮಗನನ್ನು ಕರೆದುಕೊಂಡು ಹೋದ ಗೆಳೆಯನೂ ಬರಬಹುದು. ಅವನ ಮೇಲೆ ನಿಮಗೆ ಸಿಟ್ಟಿರುತ್ತದೆ, ನ್ಯಾಯವಾದದ್ದೇ. ಆದರೂ ಒಮ್ಮೆ ಕರೆದು ಕೇಳಿ, ಅವನು ಎಷ್ಟು ಕಟ್ಟಿದ್ದ, ಅವನನ್ನು ಕರೆದವನು ಯಾರು, ಹಣ ಯಾರ ಅಕೌಂಟಿಗೆ ಹೋಯಿತು ಅಂತ. ಮೇಲಿನವರ ಹೆಸರು, ನಂಬರು ಗೊತ್ತಿರುವುದು ಅವನಿಗೇ.