ಪ್ರೋಬ್ ಅಗ್ಗ, ಆರ್ಗ್ಯುಮೆಂಟ್ ದುಬಾರಿ

ಲಿನಕ್ಸ್‌ನಲ್ಲಿ ಓಡುವ ಸಿ ಅಥವಾ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂಗೆ ಟ್ರೇಸ್ ಪಾಯಿಂಟ್, ಅಂದರೆ ಓಡುತ್ತಿರುವಾಗಲೇ ಹೊರಗಿನಿಂದ ಗಮನಿಸಬಹುದಾದ ಗುರುತು (ಪ್ರೋಬ್), ಸೇರಿಸಲು ನನ್ನ ಮಟ್ಟಿಗೆ ಯುಎಸ್‌ಡಿಟಿಯೇ (ಯೂಸರ್ ಸ್ಟ್ಯಾಟಿಕಲಿ ಡಿಫೈನ್ಡ್ ಟ್ರೇಸಿಂಗ್) ಎಲ್ಲಕ್ಕಿಂತ ಹಗುರವಾದ ದಾರಿ. ಡೆಬಿಯನ್, ಉಬುಂಟುಗಳಲ್ಲಿ ಸಿಸ್ಟಮ್‌ಟ್ಯಾಪ್-ಎಸ್‌ಡಿಟಿ-ಡೆವ್ ಪ್ಯಾಕೇಜ್ ಹಾಕಿಕೊಂಡರೆ ಬೇಕಾದ ಹೆಡರ್ ಸಿಗುತ್ತದೆ. ಲಿಂಕ್ ಮಾಡಬೇಕಾದ ಲೈಬ್ರರಿ ಯಾವುದೂ ಇಲ್ಲ. ಆ ಹೆಡರಿನ ಪ್ರೋಬ್ ಮ್ಯಾಕ್ರೋಗೆ ಮೊದಲು ಪ್ರೊವೈಡರ್ (ಪ್ರೋಬ್‌ಗಳ ಗುಂಪಿನ) ಹೆಸರು, ಆಮೇಲೆ ಪ್ರೋಬ್ ಹೆಸರು, ಕೊನೆಗೆ ಆರ್ಗ್ಯುಮೆಂಟುಗಳು. 12ರವರೆಗೆ ಕೊಡಬಹುದು; ಎಷ್ಟು ಕೊಡುತ್ತೀರೋ ಆ ಅಂಕಿ ಮ್ಯಾಕ್ರೋ ಹೆಸರಿನ ಕೊನೆಗೆ ಬರಬೇಕು.

ಕಂಪೈಲ್ ಆದ ಮೇಲೆ ಆ ಜಾಗದಲ್ಲಿ ಉಳಿಯುವುದು ಒಂದೇ ಒಂದು ನಾಪ್, ಅಂದರೆ ಏನೂ ಮಾಡದ ಇನ್‌ಸ್ಟ್ರಕ್ಷನ್. ಅದರ ವಿಳಾಸ, ಹೆಸರು, ಯಾವ ಆರ್ಗ್ಯುಮೆಂಟ್ ಎಲ್ಲಿ ಕೂತಿದೆ ಎಂಬುದೆಲ್ಲ ಬೈನರಿಯ ನೋಟ್ ಸೆಕ್ಷನ್‌ಗೆ ಹೋಗುತ್ತದೆ. ಬೈನರಿ ಫೈಲಿನ ಒಳಗನ್ನು ತೋರಿಸುವ ರೀಡ್‌ಎಲ್ಫ್ ಕಮಾಂಡಿಗೆ ಎನ್ ಆಪ್ಷನ್ ಕೊಟ್ಟು ನೋಡಿ: ಬಿಲ್ಡ್ ಫೋಲ್ಡರಿನ ಫೈಲನ್ನಲ್ಲ, ಇನ್‌ಸ್ಟಾಲ್ ಆದ ಫೈಲನ್ನು. ಫಂಕ್ಷನ್ ಇನ್‌ಲೈನ್ ಆಗಿದ್ದರೆ ಒಂದೇ ಪ್ರೋಬ್ ನಾಲ್ಕಾರು ಕಡೆ ಕಾಣಿಸುತ್ತದೆ. ಗಾಬರಿ ಬೇಡ, ಪ್ರೋಬ್‌ಗಳನ್ನು ಗಮನಿಸುವ ಟೂಲ್ (ಟ್ರೇಸರ್) ಆದ ಬಿಪಿಎಫ್‌ಟ್ರೇಸ್ ಎಲ್ಲವನ್ನೂ ಹಿಡಿಯುತ್ತದೆ.

ಹೆಚ್ಚಿನವರು ಎಡವುವುದು ಆರ್ಗ್ಯುಮೆಂಟಿನಲ್ಲಿ. ನಾಪ್‌ಗೆ ಖರ್ಚಿಲ್ಲ, ನಿಜ. ಆದರೆ ಮ್ಯಾಕ್ರೋ ಒಳಗೆ ಸ್ಟ್ರಿಂಗ್ ಕಟ್ಟುವ ಫಂಕ್ಷನ್ ಕರೆದರೆ, ಯಾರೂ ಟ್ರೇಸ್ ಮಾಡದಿದ್ದಾಗಲೂ ಅದು ಪ್ರತಿ ಸಲ ಓಡುತ್ತದೆ. ಈಗಾಗಲೇ ಕೈಯಲ್ಲಿರುವ ಪೂರ್ಣಾಂಕ, ಪಾಯಿಂಟರ್ ಇಷ್ಟನ್ನೇ ಕೊಡಿ. ಲೆಕ್ಕ ಹಾಕಲೇಬೇಕಾದ ಮೌಲ್ಯವಿದ್ದರೆ ಸೆಮಾಫೋರ್ ಬಳಸಿ: ಟ್ರೇಸರ್ ಅಂಟಿಕೊಂಡಾಗ ಏರುವ, ಬಿಟ್ಟಾಗ ಇಳಿಯುವ 16 ಬಿಟ್ಟಿನ ಎಣಿಕೆ ಅದು. ಅದು ಸೊನ್ನೆಯಲ್ಲದಿದ್ದರೆ ಮಾತ್ರ ಲೆಕ್ಕಕ್ಕೆ ಕೈಹಾಕಿ. ಕರ್ನಲ್ 4.20ರಿಂದ ಈ ಎಣಿಕೆಯನ್ನು ಕರ್ನಲ್ಲೇ ನೋಡಿಕೊಳ್ಳಬಲ್ಲದು.

ಸ್ಟ್ರಿಂಗ್ ಪಾಯಿಂಟರ್ ಕೊಟ್ಟಾಗ ಉದ್ದವನ್ನೂ ಬೇರೆ ಆರ್ಗ್ಯುಮೆಂಟಾಗಿ ಕೊಡಿ. ನೆಟ್‌ವರ್ಕಿನಿಂದ ಬಂದ ಬಫರಿನ ಕೊನೆಯಲ್ಲಿ, ಸ್ಟ್ರಿಂಗ್ ಮುಗಿಯಿತೆಂದು ಹೇಳುವ ಸೊನ್ನೆ ಬೈಟ್ ಇರಲೇಬೇಕೆಂದಿಲ್ಲ. ಸ್ಟ್ರಿಂಗ್ ಇರುವ ಪುಟ ಇನ್ನೂ ಮೆಮೊರಿಗೆ ಬಂದಿಲ್ಲದಿದ್ದರೆ ಟ್ರೇಸರಿಗೆ ಖಾಲಿ ಸ್ಟ್ರಿಂಗ್ ಸಿಗುವುದೂ ಉಂಟು. ಪ್ರೋಗ್ರಾಂ ಅದನ್ನು ಓದಿದ ನಂತರದ ಸಾಲಿಗೆ ಪ್ರೋಬ್ ಸರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಟ್ರೇಸರ್ ಅಂಟಿದ ಕ್ಷಣ ನಾಪ್ ಜಾಗಕ್ಕೆ ಬ್ರೇಕ್‌ಪಾಯಿಂಟ್ ಬರುತ್ತದೆ. ಪ್ರತಿ ಹೊಡೆತಕ್ಕೂ ಕರ್ನಲ್‌ಗೆ ಹೋಗಿಬರಬೇಕು, ಸುಮಾರು ಒಂದು ಮೈಕ್ರೋಸೆಕೆಂಡ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 1,000 ರಿಕ್ವೆಸ್ಟ್ ಇದ್ದರೆ ಗೊತ್ತೇ ಆಗದು. ಸೆಕೆಂಡಿಗೆ 10 ಲಕ್ಷ ಸಲ ಸುತ್ತುವ ಒಳಲೂಪಿನಲ್ಲಿಟ್ಟರೆ ಒಂದು ಸಿಪಿಯು ಕೋರ್ ಪೂರ್ತಿ ಅದಕ್ಕೇ ಹೋಯಿತು. ಅಂಥ ಕಡೆ ಸಾವಿರಕ್ಕೊಮ್ಮೆ ಹೊಡೆಯುವ ಎಣಿಕೆಯ ಪ್ರೋಬ್ ಸಾಕು. ಪ್ರತಿಯೊಂದು ಈವೆಂಟೂ ಬೇಕೇ ಬೇಕೆಂದರೆ ಎಲ್‌ಟಿಟಿಎನ್‌ಜಿ ಎಂಬ ಇನ್ನೊಂದು ಟ್ರೇಸಿಂಗ್ ಟೂಲ್ ನೋಡಿ, ಅದು ಕರ್ನಲ್‌ಗೆ ಹೋಗದೆ ಹಂಚಿಕೊಂಡ ಮೆಮೊರಿಯ ರಿಂಗ್ ಬಫರಿಗೆ ಬರೆಯುತ್ತದೆ.

ಶುರು-ಮುಗಿತ ಜೋಡಿ ಇಡುವಾಗ ಎರಡಕ್ಕೂ ಒಂದೇ ರಿಕ್ವೆಸ್ಟ್ ಐಡಿ ಕೊಡಿ. ಥ್ರೆಡ್ ಐಡಿ ನಂಬಬೇಡಿ. ಕೆಲಸ ಇನ್ನೊಂದು ಥ್ರೆಡ್ಡಿಗೆ ದಾಟಿದರೆ ಜೋಡಿ ಮುರಿಯುತ್ತದೆ. ನಡುವೆ ರಿಟರ್ನ್ ಆಗುವ ದಾರಿಗಳಲ್ಲಿ ಮುಗಿತದ ಪ್ರೋಬ್ ತಪ್ಪಿಹೋಗುವುದು ತೀರಾ ಸಾಮಾನ್ಯ. ಸಿ ಪ್ಲಸ್ ಪ್ಲಸ್ ಆದರೆ ಅದನ್ನು ಡಿಸ್ಟ್ರಕ್ಟರಿನಲ್ಲಿಡಿ, ಎಕ್ಸೆಪ್ಶನ್ ಹಾರಿದರೂ ಓಡುತ್ತದೆ. ಮುಂದೆ ಆರ್ಗ್ಯುಮೆಂಟ್ ಸೇರಿಸಬೇಕಾದರೆ ಕೊನೆಗೇ ಸೇರಿಸಿ: ಹಳೆಯ ಸ್ಕ್ರಿಪ್ಟುಗಳು ಅವನ್ನು ಹೆಸರಿನಿಂದಲ್ಲ, ಸ್ಥಾನದಿಂದ ಗುರುತಿಸುತ್ತವೆ.