ಲಬ್ಬಕ್‌ನಿಂದ ಫೋರ್ಟ್ ಡೇವಿಸ್‌ವರೆಗೆ: ಕೌಬಾಯ್ ಸುವಾರ್ತಾ ಗಾಯಕರ ದಾರಿಯಲ್ಲಿ

ಟೆಕ್ಸಸ್‌ನ ಲಬ್ಬಕ್ ಊರಿನಿಂದ 84ನೇ ಹೆದ್ದಾರಿ ಹಿಡಿದು ವಾಯವ್ಯಕ್ಕೆ ಹೊರಟರೆ ನೋಟಕ್ಕೆ ಅಡ್ಡ ಬರುವಂಥದ್ದು ಏನೂ ಇಲ್ಲ. ಹತ್ತಿ ಹೊಲ, ಹತ್ತಿ ಜಿನ್ನು, ರೈಲು ಹಳಿಯ ಪಕ್ಕದಲ್ಲಿ ಕಾಳು ತುಂಬಿಡುವ ಕಾಂಕ್ರೀಟ್ ಗೋಪುರ, ಮತ್ತೆ ಹತ್ತಿ ಹೊಲ. ಅಕ್ಟೋಬರ್ ತಿಂಗಳಾದ್ದರಿಂದ ಕಾಯಿ ಒಡೆದು ಹೊಲಗಳೆಲ್ಲ ಬೆಳ್ಳಗಾಗಿದ್ದವು. ನನ್ನ ಕಾರಿನ ಮುಂದೆ ಒಂದು ಹಳೆಯ ಡೀಸೆಲ್ ಪಿಕಪ್ ಹೋಗುತ್ತಿತ್ತು, ಅದರ ಬೆನ್ನಿಗೆ ಹತ್ತು ಮೀಟರ್ ಉದ್ದದ ಟ್ರೇಲರ್. ಪಿಕಪ್‌ನಲ್ಲಿ ಎಪ್ಪತ್ತು ದಾಟಿದ ಗಂಡ ಹೆಂಡತಿ. ಟ್ರೇಲರ್‌ನಲ್ಲಿ ಅವರ ಮನೆ, ಸಂಸಾರ, ಎರಡು ಗಿಟಾರು, ಆಟೋಹಾರ್ಪ್ ಎಂಬ ಒಂದು ತಂತಿವಾದ್ಯ ಮತ್ತು ನಿಂತು ನುಡಿಸುವ ಆಳೆತ್ತರದ ಬೇಸ್ ವಾದ್ಯ. ವರ್ಷದ ಬಹುಪಾಲು ಅವರು ಹೀಗೆಯೇ ಊರಿಂದ ಊರಿಗೆ ಹೋಗಿ ಕೌಬಾಯ್ ಧಾಟಿಯಲ್ಲಿ ಕ್ರಿಸ್ತನ ಹಾಡುಗಳನ್ನು ಹಾಡುತ್ತಾರೆ. ಅದೇ ಅವರ ಸೇವೆ.

ನಾನು ಹುಬ್ಬಳ್ಳಿಯ ಬಾಸೆಲ್ ಮಿಷನ್ ಸಭೆಗೆ, ಅಂದರೆ ಚರ್ಚಿಗೆ, ಸೇರಿದ ಮನೆಯಿಂದ ಬಂದದ್ದು. ಲಬ್ಬಕ್‌ನಲ್ಲಿ ನಾವು ಹೋಗುವ ಸಭೆಗೆ ಈ ದಂಪತಿ ಹಾಡಲು ಬಂದಿದ್ದರು. ಆರಾಧನೆ ಮುಗಿದ ಮೇಲೆ ಊಟದ ಮೇಜಿನಲ್ಲಿ ಮಾತು ಬೆಳೆಯಿತು. “ನಮ್ಮ ಕೆಲಸ ಏನೆಂದು ವೇದಿಕೆಯ ಮುಂದೆ ಕುಳಿತರೆ ಗೊತ್ತಾಗುವುದಿಲ್ಲ ಸಿಸ್ಟರ್. ದಾರಿಯಲ್ಲಿ ಜೊತೆಗೆ ಬನ್ನಿ” ಎಂದು ಆ ಹಿರಿಯರು ಕರೆದರು. ಹೊರಟುಬಿಟ್ಟೆ.

ಅವರು ಹರೆಯದಲ್ಲಿ ರಾಂಚ್‌ಗಳಲ್ಲಿ ದನ ಕಾಯ್ದು, ಆಮೇಲೆ ಕುದುರೆಗಳಿಗೆ ಲಾಳ ಹೊಡೆಯುವ ಕೆಲಸದಲ್ಲಿ ಬೆನ್ನು ಸವೆಸಿದವರು. ಆಕೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ನಿವೃತ್ತಿಯ ನಂತರ ಮನೆ ಮಾರಿದರು. ಈಗ ಅವರ ಅಂಚೆಯ ವಿಳಾಸ ಪೂರ್ವ ಟೆಕ್ಸಸ್‌ನ ಲಿವಿಂಗ್‌ಸ್ಟನ್. ಟ್ರೇಲರ್‌ನಲ್ಲೇ ವಾಸ ಮಾಡುವ ಸಾವಿರಾರು ಜನರ ಪತ್ರಗಳನ್ನು ಪಡೆದು, ಅವರಿರುವ ಊರಿಗೆ ಕಳುಹಿಸಿಕೊಡುವ ವ್ಯವಸ್ಥೆ ಅಲ್ಲಿದೆ. ಹಾಡಿಗೆ ಇಷ್ಟು ಎಂದು ದರ ಹೇಳುವ ಪದ್ಧತಿ ಇವರಲ್ಲಿ ಇಲ್ಲ. ಸಭೆಯವರು ಮನಸ್ಸಿಗೆ ಬಂದಷ್ಟು ಕಾಣಿಕೆ ಕೊಡುತ್ತಾರೆ, ಬಾಗಿಲ ಬಳಿಯ ಮೇಜಿನ ಮೇಲೆ ಸಿ.ಡಿ.ಗಳು ಇರುತ್ತವೆ. ಟ್ರೇಲರ್ ಎಳೆಯುವಾಗ ಪಿಕಪ್ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಪುಣ್ಯ. ಎದುರುಗಾಳಿ ಇದ್ದರೆ ಅದೂ ಇಲ್ಲ. ಪ್ರತಿ ಪೆಟ್ರೋಲ್ ಬಂಕ್‌ನಲ್ಲಿ ಆಕೆ ಒಂದು ಚಿಕ್ಕ ನೋಟ್‌ಬುಕ್ ತೆಗೆದು ಪೆನ್ಸಿಲಿನಲ್ಲಿ ಲೆಕ್ಕ ಬರೆಯುತ್ತಿದ್ದರು.

ಮ್ಯೂಲ್‌ಶೂ ಎಂಬ ಊರಿನಲ್ಲಿ ರಸ್ತೆಯ ಪಕ್ಕ ಹೇಸರಗತ್ತೆಯ ಪ್ರತಿಮೆ ಇದೆ. ಈ ನೆಲವನ್ನು ಉತ್ತ ಮೂಕಪ್ರಾಣಿಗಳ ನೆನಪಿಗೆ 1965ರಲ್ಲಿ ನಿಲ್ಲಿಸಿದ್ದು. ಇನ್ನೂ ಸ್ವಲ್ಪ ಮುಂದೆ ರಾಜ್ಯದ ಗಡಿ. ನ್ಯೂ ಮೆಕ್ಸಿಕೊ ಸೇರಿದೊಡನೆ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗುತ್ತದೆ. ವಾದ್ಯ ಇಳಿಸುವ ಹೊತ್ತಿಗೆ ಈ ತಾಸು ಎಷ್ಟು ಬೆಲೆಯುಳ್ಳದ್ದೆಂದು ಆ ಸಂಜೆಯೇ ತಿಳಿಯಿತು.

ಹಾಡಬೇಕಿದ್ದ ಜಾಗ ಕ್ಲೋವಿಸ್ ಊರಿನ ಆಚೆ, ತಗಡಿನ ದೊಡ್ಡ ಶೆಡ್ಡಿನಲ್ಲಿ ನಡೆಯುವ ಕೌಬಾಯ್ ಸಭೆ. ಇಂಥ ಸಭೆಗಳು ಟೆಕ್ಸಸ್ ಸುತ್ತಮುತ್ತ ವೇಗವಾಗಿ ಹರಡಿದ್ದು ಈ ಶತಮಾನದಲ್ಲಿ. ಡಾಲಸ್‌ನ ದಕ್ಷಿಣಕ್ಕಿರುವ ವಾಕ್ಸಹಾಚಿಯಲ್ಲಿ 2000ನೇ ಇಸವಿಯಲ್ಲಿ ಶುರುವಾದ ಎಲ್ಲಿಸ್ ಕೌಂಟಿಯ ಕೌಬಾಯ್ ಸಭೆ ಅನೇಕರಿಗೆ ಮಾದರಿಯಾಯಿತು. ಸೂಟು ಇಲ್ಲದವನು, ಬೂಟಿಗೆ ಸಗಣಿ ಮೆತ್ತಿಕೊಂಡವನು, ದೊಡ್ಡ ದೇವಾಲಯದ ಮೆಟ್ಟಿಲು ಹತ್ತಲು ಹಿಂಜರಿಯುವವನು, ಇವರೆಲ್ಲ ಬರುವಂತಾಗಬೇಕು ಎಂಬುದು ಅವುಗಳ ಉದ್ದೇಶ. ಹಿತ್ತಲಿನಲ್ಲಿ ಕುದುರೆಯ ಮೇಲಿಂದ ಕರುವಿಗೆ ಹಗ್ಗ ಎಸೆಯುವ ಅಂಗಣ ಇರುತ್ತದೆ. ಕಾಣಿಕೆಯ ತಟ್ಟೆ ಸಾಲಿನಿಂದ ಸಾಲಿಗೆ ಹೋಗುವುದಿಲ್ಲ. ಬಾಗಿಲಿನ ಪಕ್ಕ ಒಂದು ಹಳೆಯ ಬೂಟು ಇಟ್ಟಿರುತ್ತಾರೆ, ಹಾಕುವವರು ಹಾಕಬಹುದು. ದೀಕ್ಷಾಸ್ನಾನ ದನಗಳಿಗೆ ನೀರುಣಿಸುವ ತಗಡಿನ ತೊಟ್ಟಿಯಲ್ಲಿ. ಆ ಶೆಡ್ಡಿನ ಹಿಂದೆಯೂ ಅಂಥದ್ದೊಂದು ತೊಟ್ಟಿ ಕಂಡಿತು. ಮುಂದಿನ ಭಾನುವಾರಕ್ಕಾಗಿ ಒಬ್ಬ ಹುಡುಗ ಅದನ್ನು ಉಜ್ಜಿ ತೊಳೆಯುತ್ತಿದ್ದ.

ಅವರ ಸಿದ್ಧತೆಯನ್ನು ಹತ್ತಿರದಿಂದ ನೋಡಿದೆ. ಈ ಬಯಲಿನ ಒಣ ಹವೆಗೆ ಮರದ ವಾದ್ಯಗಳು ಬಿರುಕು ಬಿಡುತ್ತವೆ. ಹಾಗಾಗಿ ಗಿಟಾರಿನ ಪೆಟ್ಟಿಗೆಯೊಳಗೆ ತೂತು ಮಾಡಿದ ಸೋಪಿನ ಡಬ್ಬಿ, ಡಬ್ಬಿಯೊಳಗೆ ಒದ್ದೆ ಸ್ಪಂಜು. ಹಿರಿಯರು ಸ್ಪಂಜನ್ನು ಹಿಂಡಿ ನೋಡಿ, ಮತ್ತೆ ನೀರು ಹಾಕಿ, ತಂತಿಗಳ ಮೇಲೆ ಬಟ್ಟೆ ಎಳೆದು, ಶ್ರುತಿ ಮಾಡತೊಡಗಿದರು. ಆಟೋಹಾರ್ಪ್‌ನಲ್ಲಿ ಮೂವತ್ತಕ್ಕೂ ಹೆಚ್ಚು ತಂತಿಗಳು. ಆಕೆ ಒಂದೊಂದನ್ನೂ ಕೀಲಿಯಿಂದ ತಿರುಗಿಸಿ, ಕಿವಿಗೊಟ್ಟು, ಮತ್ತೆ ತಿರುಗಿಸಿದರು. ಬಂದವರು ಇಪ್ಪತ್ತು ಜನ ಇರಬಹುದು. ಇನ್ನೂರು ಜನ ಬಂದಿದ್ದರೂ ಇದಕ್ಕಿಂತ ಒಂದು ತಂತಿ ಹೆಚ್ಚು ಶ್ರುತಿಗೊಳ್ಳುತ್ತಿರಲಿಲ್ಲ.

ಹಾಡುಗಳ ನಡೆ ಬಲು ನಿಧಾನ. ಅದಕ್ಕೆ ಕಾರಣವಿದೆ. 1867ರಿಂದ ಚಿಸಮ್ ದಾರಿಯಲ್ಲಿ ಟೆಕ್ಸಸ್‌ನ ದನಗಳನ್ನು ಕಾನ್ಸಾಸ್‌ನ ರೈಲುನಿಲ್ದಾಣಗಳಿಗೆ ನಡೆಸಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ರಾತ್ರಿ ಮಲಗಿದ ಮಂದೆಯ ಸುತ್ತ ಇಬ್ಬರು ಸವಾರರು ಎದುರುಬದುರು ದಿಕ್ಕಿನಲ್ಲಿ ಸುತ್ತು ಹಾಕುತ್ತಿದ್ದರು. ಒಂದು ಸಿಡಿಲು, ಒಂದು ಕಡ್ಡಿ ಮುರಿದ ಸದ್ದು ಸಾಕು, ಸಾವಿರಾರು ದನಗಳು ಎದ್ದು ಓಡಿಬಿಡುತ್ತಿದ್ದವು. ಮನುಷ್ಯನ ದನಿ ಎಡೆಬಿಡದೆ ಕೇಳುತ್ತಿದ್ದರೆ ಅವು ಬೆಚ್ಚುವುದು ಕಡಿಮೆ. ಆದ್ದರಿಂದ ಸವಾರರು ಹಾಡುತ್ತಿದ್ದರು, ಗೊತ್ತಿದ್ದ ಹಾಡೆಂದರೆ ಅನೇಕರಿಗೆ ತಾಯಿ ಕಲಿಸಿದ ದೇವರ ಹಾಡುಗಳೇ. ಆ ಸವಾರರಲ್ಲಿ ಮೆಕ್ಸಿಕೊ ಮೂಲದವರಿದ್ದರು, ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದ ಕಪ್ಪು ಜನರಿದ್ದರು. ಜೀನು, ಹಗ್ಗ, ದನ ಕೂಡಿಹಾಕುವ ಚಾತುರ್ಯ, ಬಹುಪಾಲು ಮೆಕ್ಸಿಕೊದವರಿಂದಲೇ ಕಲಿತದ್ದು. ಹಾಡಿನ ಮಧ್ಯೆ ಹಿರಿಯರು ಈ ಮಾತನ್ನು ಪ್ರತಿ ಊರಿನಲ್ಲೂ ತಪ್ಪದೆ ಹೇಳುತ್ತಿದ್ದರು. ಅದು ನನಗೆ ಬಹಳ ಹಿಡಿಸಿತು. ಸಿನಿಮಾಗಳು ಆ ಮುಖಗಳನ್ನು ದಶಕಗಳ ಕಾಲ ಮರೆಮಾಡಿದವು.

ಮರುದಿನ 60ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ, ಪೇಕೋಸ್ ನದಿಯ ದಡದ ಫೋರ್ಟ್ ಸಮ್ನರ್‌ಗೆ. ಹೆಚ್ಚಿನ ಪ್ರವಾಸಿಗರು ಇಲ್ಲಿಗೆ ಬರುವುದು ಹೆಸರಾಂತ ಬಂದೂಕುಗಾರ ಬಿಲ್ಲಿ ದ ಕಿಡ್‌ನ ಸಮಾಧಿ ನೋಡಲು. ಇವರು ಟ್ರೇಲರ್ ನಿಲ್ಲಿಸಿದ್ದು ಬೊಸ್ಕೆ ರೆಡೊಂಡೊ ಸ್ಮಾರಕದ ಬಳಿ. 1863ರಿಂದ 1868ರವರೆಗೆ ಅಮೆರಿಕದ ಸೇನೆ ನವಾಹೋ ಮತ್ತು ಮೆಸ್ಕಲೇರೊ ಅಪಾಚೆ ಜನರನ್ನು ಅವರ ನೆಲದಿಂದ ಎಬ್ಬಿಸಿ, ನೂರಾರು ಮೈಲಿ ನಡೆಸಿ ತಂದು ಕೂಡಿಹಾಕಿದ ಜಾಗ ಇದು. ನವಾಹೋಗಳೇ 8,000ಕ್ಕೂ ಹೆಚ್ಚು. ಉಪ್ಪುನೀರು, ಹುಳು ತಿಂದ ಬೆಳೆ, ರೋಗ. ಎಷ್ಟೋ ಜನ ಇಲ್ಲಿಯೇ ಸತ್ತರು. ಈ ಸೆರೆಯಾಳುಗಳಿಗೆ ಬೇಕಾದ ಮಾಂಸಕ್ಕಾಗಿಯೇ 1866ರಲ್ಲಿ ದನದ ವ್ಯಾಪಾರಿಗಳಾದ ಚಾರ್ಲ್ಸ್ ಗುಡ್‌ನೈಟ್ ಮತ್ತು ಆಲಿವರ್ ಲವಿಂಗ್ ಟೆಕ್ಸಸ್‌ನಿಂದ ದನಗಳನ್ನು ಹೊಡೆದುಕೊಂಡು ಬಂದು ಮಾರಿದರು. ಕೌಬಾಯ್ ಕಥೆಗಳಲ್ಲಿ ಮೆರೆಯುವ ಗುಡ್‌ನೈಟ್–ಲವಿಂಗ್ ದಾರಿ ಹುಟ್ಟಿದ್ದು ಹೀಗೆ. ದಂಪತಿ ಅಲ್ಲಿ ಹಾಡಲಿಲ್ಲ. ನದಿಯವರೆಗೆ ನಡೆದು ಹೋಗಿ ಬಂದರು. “ನಮ್ಮ ಹಾಡಿನ ಬೇರು ಇಲ್ಲೂ ಇದೆ. ಇದನ್ನು ಬಿಟ್ಟು ಮುಂದಕ್ಕೆ ಹೋಗಬಾರದು” ಎಂದಷ್ಟೇ ಆಕೆ ಹೇಳಿದರು.

ಆ ಮಧ್ಯಾಹ್ನ ಒಂದು ವೃದ್ಧಾಶ್ರಮ. ಊಟದ ಕೋಣೆಯಲ್ಲಿ ಗಾಲಿಕುರ್ಚಿಗಳನ್ನು ಅರ್ಧವೃತ್ತವಾಗಿ ಇಟ್ಟಿದ್ದರು. ಕೆಲವರು ಆಗಲೇ ನಿದ್ದೆಗೆ ಜಾರಿದ್ದರು, ಒಬ್ಬಾಕೆ ಕೈಯಲ್ಲಿ ಬಟ್ಟೆಯ ಗೊಂಬೆ ಹಿಡಿದಿದ್ದರು. ನಾಲ್ಕು ಹಾಡಾದ ಮೇಲೆ ಹಿರಿಯರು ನನ್ನತ್ತ ತಿರುಗಿ, ನಿಮ್ಮ ನಾಡಿನ ಒಂದು ಹಾಡು ಹೇಳಿ ಎಂದರು. ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ಹಾಡುತ್ತಿದ್ದ ಧಾಟಿಯಲ್ಲಿ ಇಪ್ಪತ್ತಮೂರನೆಯ ಕೀರ್ತನೆ ಹಿಡಿದೆ: “ಯೆಹೋವನು ನನಗೆ ಕುರುಬನು, ಕೊರತೆಪಡೆನು.” 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳನ್ನು ತಂದರು. ಅವರಲ್ಲೇ ಕಿಟೆಲ್ ಅವರಂಥವರು ಕನ್ನಡದ ಛಂದಸ್ಸಿನಲ್ಲಿ ಕ್ರಿಸ್ತನ ಕಥೆಯನ್ನು ಬರೆದರು. ನಮ್ಮ ಮನೆಗಳಲ್ಲಿ ಎರಡೂ ಉಳಿದಿವೆ. ನಾನು ಹಾಡಿದ್ದು ನಮ್ಮ ರಾಗದ್ದು. ಹಿರಿಯರು ಎರಡು ಕಡೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬದಲಿಸಿ ನೋಡಿದರು, ಅದು ರಾಗಕ್ಕೆ ಒಗ್ಗಲಿಲ್ಲ. ಕೂಡಲೇ ಕಾರ್ಡ್‌ಗಳನ್ನು ಕೈಬಿಟ್ಟು, ಕೆಳಸ್ಥಾಯಿಯ ತಂತಿಯನ್ನು ಸಡಿಲಿಸಿ ಷಡ್ಜಕ್ಕೆ ಕೂಡಿಸಿ, ತಂಬೂರಿಯಂತೆ ಒಂದೇ ಸಮ ಮೀಟುತ್ತ ಕುಳಿತರು. ಆಕೆ ಬೇಸ್‌ನ ಒಂದೇ ಸ್ವರದ ಮೇಲೆ ಬಿಲ್ಲು ಎಳೆದರು. ಯಾರೂ ಕಲಿಸದೆ ಅವರ ಕಿವಿಗಳು ಶ್ರುತಿ ಎಂದರೇನೆಂದು ಕಂಡುಕೊಂಡ ಆ ಕ್ಷಣ ನನಗೆ ಈ ಪ್ರವಾಸದ ಬಹು ದೊಡ್ಡ ಸಂತೋಷ.

ಹಾಡು ಮುಗಿದ ಮೇಲೆ ಅವರು ಹೊರಡುವ ಆತುರ ತೋರಲಿಲ್ಲ. ಒಬ್ಬೊಬ್ಬರ ಕುರ್ಚಿಯ ಬಳಿಯೂ ಮೊಣಕಾಲೂರಿ ಕುಳಿತು ಹೆಸರು ಕೇಳಿ, ಕೈ ಹಿಡಿದುಕೊಂಡು, ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಹಾಡಿದ್ದಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಹೋಯಿತು. ಅವರ ಸೇವೆಯ ತಿರುಳು ಇದೇ ಎಂದು ನನಗೆ ಮನವರಿಕೆಯಾದದ್ದು ಅಲ್ಲಿ. ಹಾಡು ಬಾಗಿಲು ತೆರೆಯುತ್ತದೆ. ಒಳಗೆ ಹೋಗಿ ಕುಳಿತುಕೊಳ್ಳುವವರು ಬೇಕು.

ವಾನ್ ಊರಿನಿಂದ 54ನೇ ಹೆದ್ದಾರಿ ನೈರುತ್ಯಕ್ಕೆ ಇಳಿಯುತ್ತದೆ. ಕ್ಯಾರಿಜೋಜೊ ಹತ್ತಿರ ನೆಲ ಕಪ್ಪಾಗುತ್ತದೆ, ಸುಮಾರು 5,000 ವರ್ಷ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಪೂರ್ವಕ್ಕಿರುವ ನೊಗಾಲ್ ದಿಬ್ಬದ ಮೇಲೆ 1940ರಲ್ಲಿ ಪ್ರೆಸ್ಬಿಟೇರಿಯನ್ ಪಾದ್ರಿ ರಾಲ್ಫ್ ಹಾಲ್ ಮತ್ತು ರಾಂಚ್ ಮನೆತನದ ಜೋ ಎವಾನ್ಸ್ ದನಗಾಹಿ ಕುಟುಂಬಗಳಿಗಾಗಿ ಶಿಬಿರ ಆರಾಧನೆ ಶುರುಮಾಡಿದರು. ಆ ಭಾಗದ ಒಂದು ರೋಡಿಯೊ (ಕೌಬಾಯ್‌ಗಳ ಸವಾರಿ ಪಂದ್ಯ) ಅಂಗಣದಲ್ಲಿ ಭಾನುವಾರ ಬೆಳಗಿನ ಹಾಡು. ಜನ ಹನ್ನೆರಡಕ್ಕಿಂತ ಹೆಚ್ಚಿರಲಿಲ್ಲ. ಹಿಂದಿನ ಸಂಜೆ ಕುದುರೆಯಿಂದ ಬಿದ್ದು ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡ ಯುವಕನೊಬ್ಬ ಬೇಲಿಯ ಮೇಲೆ ಕುಳಿತು ಕೇಳಿದ. ಆಮೇಲೆ ದೊಡ್ಡ ಮೈಕಟ್ಟಿನ ಒಬ್ಬ ದನಗಾಹಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಆಕೆಯ ಬಳಿ ಬಂದ. ಮಳೆ ಕೈಕೊಟ್ಟಿದ್ದರಿಂದ ತಂದೆಯ ಕಾಲದಿಂದ ಬೆಳೆಸಿದ ಹಸುಗಳನ್ನು ಆ ವಾರವೇ ಮಾರಾಟಕ್ಕೆ ಕಳುಹಿಸಬೇಕಿತ್ತು. ಹೆಂಡತಿಗೆ ಹೇಳಿದ್ದೀರಾ ಎಂದು ಆಕೆ ಕೇಳಿದರು. ಇಲ್ಲ ಎಂದು ತಲೆಯಾಡಿಸಿದ. ಇಬ್ಬರೂ ಪಿಕಪ್‌ನ ಹಿಂಬಾಗಿಲ ಹಲಗೆಯ ಮೇಲೆ ಬಹಳ ಹೊತ್ತು ಕುಳಿತಿದ್ದರು. ವಾದ್ಯಗಳನ್ನು ನಾವೇ ಕಟ್ಟಿದೆವು.

ಮುಂದಿನ ದಾರಿ ಉದ್ದ: ಅಲಮೊಗೋರ್ಡೊ, ಎಲ್ ಪಾಸೊ, ಅಲ್ಲಿಂದ ಪೂರ್ವಕ್ಕೆ ವಾನ್ ಹಾರ್ನ್. ಊಟಕ್ಕೆ ನಿಂತಲ್ಲೆಲ್ಲ ಹಿರಿಯರು ಹಳಬರ ಕಥೆ ಹೇಳುತ್ತಿದ್ದರು. ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವರು ಸ್ಟುವರ್ಟ್ ಹ್ಯಾಂಬ್ಲನ್. ಟೆಕ್ಸಸ್‌ನ ಮೆಥೊಡಿಸ್ಟ್ ಪಾದ್ರಿಯ ಮಗ, ಲಾಸ್ ಏಂಜಲೀಸ್ ರೇಡಿಯೊದ ಹೆಸರಾಂತ ಕೌಬಾಯ್ ಗಾಯಕ, ಕುಡಿತಕ್ಕೂ ಜೂಜಿಗೂ ಬಿದ್ದವರು. 1949ರಲ್ಲಿ ಸುವಾರ್ತಾ ಬೋಧಕ ಬಿಲ್ಲಿ ಗ್ರಹಾಂ ಅವರ ಗುಡಾರದ ಕೂಟಗಳಲ್ಲಿ ಮನಸ್ಸು ತಿರುಗಿತು. ಆಮೇಲೆ ದೇವರ ಹಾಡು ಬರೆದರು, ಮದ್ಯನಿಷೇಧ ಪಕ್ಷದಿಂದ 1952ರ ಅಧ್ಯಕ್ಷ ಚುನಾವಣೆಗೂ ನಿಂತರು. ಕೌಬಾಯ್ ಹಾಡಿಗೂ ಸುವಾರ್ತೆಗೂ ಇರುವ ನಂಟನ್ನು ದೇಶದ ಮನೆಮನೆಗೆ ಮುಟ್ಟಿಸಿದವರಲ್ಲಿ ಅವರು ದೊಡ್ಡವರು.

ವಾನ್ ಹಾರ್ನ್‌ನ ಆಚೆ ಹೆದ್ದಾರಿ ಬಿಟ್ಟು ಡೇವಿಸ್ ಬೆಟ್ಟಗಳ ಹಿಂಬದಿಯ ರಸ್ತೆ ಹಿಡಿದೆವು. ಬಂಗಾರದ ಬಣ್ಣದ ಹುಲ್ಲು, ಅಲ್ಲಲ್ಲಿ ಓಕ್ ಮರ. ಆ ದಾರಿಯಲ್ಲೇ ಸ್ಕಿಲ್‌ಮನ್ ತೋಪು. 1890ರಲ್ಲಿ ವಿಲಿಯಂ ಬ್ಲಾಯ್ಸ್ ಎಂಬ ಪಾದ್ರಿ ಇಲ್ಲಿ ಕಾಫಿ ಪುಡಿಯ ಮರದ ಪೆಟ್ಟಿಗೆಯನ್ನೇ ಪೀಠವಾಗಿಸಿ ಬೋಧಿಸಿದರು. ಕೇಳಲು ಕುದುರೆ, ಗಾಡಿಗಳಲ್ಲಿ ಬಂದವರು ಐವತ್ತಕ್ಕೂ ಕಡಿಮೆ. ಅಂದಿನಿಂದ ಪ್ರತಿ ಆಗಸ್ಟ್‌ನಲ್ಲಿ ಕೂಟ ಸೇರುತ್ತದೆ. ಪ್ರೆಸ್ಬಿಟೇರಿಯನ್, ಬ್ಯಾಪ್ಟಿಸ್ಟ್, ಮೆಥೊಡಿಸ್ಟ್, ಡಿಸೈಪಲ್ಸ್, ನಾಲ್ಕೂ ಪಂಗಡದವರು ಒಂದೇ ಛಾವಣಿಯಡಿ ಕೂರುತ್ತಾರೆ. ಅಕ್ಟೋಬರ್ ಆದ್ದರಿಂದ ತಗಡಿನ ಛಾವಣಿಯ ಗುಡಿಸಲುಗಳೆಲ್ಲ ಮುಚ್ಚಿದ್ದವು. ಬೇಲಿಯಾಚೆಯಿಂದಲೇ ನೋಡಿದೆವು. ಇಂಥ ಒಂದು ಕೂಟದಲ್ಲಿ, ಹತ್ತು ವರ್ಷದ ಹುಡುಗನಾಗಿದ್ದಾಗ, ಹಿರಿಯರು ಮೊದಲ ಬಾರಿ ಜನರೆದುರು ಹಾಡಿದ್ದರಂತೆ.

ಫೋರ್ಟ್ ಡೇವಿಸ್‌ನಲ್ಲಿ ಹಾಡು, ಹುರುಳಿಕಾಯಿ ಬೀಜದ ಸಾರು, ಜೋಳದ ರೊಟ್ಟಿಯಂಥ ಮೆಕ್ಕೆಜೋಳದ ಬ್ರೆಡ್ಡು. ಮರುದಿನ ಬೆಳಿಗ್ಗೆ ಆಕೆ ಮುಂದಿನ ತಿಂಗಳುಗಳ ಪಟ್ಟಿ ಬಿಚ್ಚಿದರು. ಚಳಿಗಾಲಕ್ಕೆ ರಿಯೊ ಗ್ರಾಂಡ್ ಕಣಿವೆ, ಅಯೋವಾ, ಮಿನೆಸೋಟಾಗಳ ಹಿಮದಿಂದ ತಪ್ಪಿಸಿಕೊಂಡು ಬರುವ ವೃದ್ಧರು ತಂಗುವ ಟ್ರೇಲರ್ ಪಾರ್ಕುಗಳು. ವಸಂತದಲ್ಲಿ ಆರಿಜೋನಾ. ಜುಲೈ ಕೊನೆಗೆ ವಯೋಮಿಂಗ್‌ನ ಶಯೆನ್, 1897ರಿಂದ ನಡೆದುಬಂದ ದೊಡ್ಡ ರೋಡಿಯೊ ಉತ್ಸವದ ಸಮಯಕ್ಕೆ. ಅಲ್ಲಿಗೆ ನನ್ನನ್ನೂ ಕರೆದಿದ್ದಾರೆ. ಕೀರ್ತನೆಯ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿಕೊಂಡು ಹೋದರು. ವಾರಕ್ಕೊಮ್ಮೆ ಫೋನಿನಲ್ಲಿ ಅಭ್ಯಾಸ ನಡೆದಿದೆ. ಮೊದಲ ಚರಣ ಬಂದಿದೆ, ಎರಡನೆಯದನ್ನು ಕಲಿಯುತ್ತಿದ್ದಾರೆ.